ಟಿಇಟಿ, ಸಿಟಿಇಟಿ: ಎರಡನ್ನೂ ಬರೆದವರ ಹೋಲಿಕೆ

ಮಂಡ್ಯದಲ್ಲಿ ಬಿ.ಎಡ್. ಮುಗಿಸಿದವರು ಸಿಕ್ಕರೆ ಕೇಳುವ ಪ್ರಶ್ನೆ ಒಂದೇ. ರಾಜ್ಯದ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯೋದಾ, ಕೇಂದ್ರದ ಸಿಟಿಇಟಿ ಬರೆಯೋದಾ? ನಾನು ಎರಡನ್ನೂ ಬರೆದು ಪಾಸಾಗಿದ್ದೇನೆ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ವಿಷಯ ಸಮಾಜ ವಿಜ್ಞಾನ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಪೇಪರ್ 2ರ ಬಗ್ಗೆ, ಅಂದರೆ 6ರಿಂದ 8ನೇ ತರಗತಿಗೆ ಪಾಠ ಮಾಡುವವರ ಪರೀಕ್ಷೆ ಬಗ್ಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸೈಕಾಲಜಿಯನ್ನು (ಮಕ್ಕಳ ಬೆಳವಣಿಗೆ, ಕಲಿಕೆಯ ಭಾಗ) ಸಿಟಿಇಟಿ ಮಟ್ಟಕ್ಕೆ ಓದಿ. ವಿಷಯವನ್ನು ರಾಜ್ಯದ ಪಠ್ಯಪುಸ್ತಕದಿಂದ ಶುರು ಮಾಡಿ. ಪರೀಕ್ಷೆ ಮಾತ್ರ ಮೊದಲು ರಾಜ್ಯದ್ದು ಬರೆಯಿರಿ. ಕಾರಣ ಮುಂದೆ ಹೇಳುತ್ತೇನೆ.

ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಸೈಕಾಲಜಿ 30, ಮೊದಲ ಭಾಷೆ 30, ಎರಡನೇ ಭಾಷೆ 30, ಉಳಿದ 60 ನಿಮ್ಮ ವಿಷಯಕ್ಕೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಸಾಮಾನ್ಯ ವರ್ಗಕ್ಕೆ ಶೇ. 60, ಅಂದರೆ 90 ಅಂಕ ಬೇಕು. ರಾಜ್ಯದ ಪರೀಕ್ಷೆಯಲ್ಲಿ ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1 ಮತ್ತು ಅಂಗವಿಕಲರಿಗೆ ಶೇ. 55 ಸಾಕು. ಎರಡರ ಚೌಕಟ್ಟೂ ಒಂದೇ ಕಡೆಯಿಂದ ಬಂದಿದೆ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ 2010ರ ಆಗಸ್ಟ್‌ನಲ್ಲಿ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ಈ ಅರ್ಹತಾ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಮೊದಲು ಪ್ರಮಾಣಪತ್ರಕ್ಕೆ ಏಳು ವರ್ಷದ ಮಿತಿ ಇತ್ತು. 2021ರಲ್ಲಿ ಅದನ್ನು ಜೀವಮಾನದವರೆಗೆ ಎಂದು ಬದಲಾಯಿಸಿದರು.

ಪ್ರಶ್ನೆಪತ್ರಿಕೆ ತೆರೆದ ಮೇಲೆ ವ್ಯತ್ಯಾಸ ಶುರುವಾಗುತ್ತದೆ. ಕನ್ನಡ ಮಾಧ್ಯಮದವರಿಗೆ ಇದೇ ದೊಡ್ಡ ವಿಷಯ. ರಾಜ್ಯದ ಟಿಇಟಿಯಲ್ಲಿ ಸೈಕಾಲಜಿ, ಸಮಾಜ ವಿಜ್ಞಾನ ಎಲ್ಲವೂ ಕನ್ನಡದಲ್ಲಿ ಸಿಗುತ್ತವೆ. ಸಿಟಿಇಟಿಯಲ್ಲಿ ಕನ್ನಡ ಇರುವುದು ಭಾಷೆಯ ಭಾಗದಲ್ಲಿ ಮಾತ್ರ. ಉಳಿದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ. 'ಸಿಟಿಇಟಿಯನ್ನು ಕನ್ನಡದಲ್ಲಿ ಬರೆಯಬಹುದು' ಎಂದು ಯಾರೋ ಹೇಳಿದ್ದನ್ನು ನಂಬಿ ಅರ್ಜಿ ಹಾಕುವವರು ನಮ್ಮ ಕಡೆ ಬಹಳ ಜನ ಇದ್ದಾರೆ. ದಯವಿಟ್ಟು ಇದನ್ನು ಸ್ಪಷ್ಟ ಮಾಡಿಕೊಂಡೇ ಹಣ ಕಟ್ಟಿ. ಅರ್ಜಿ ಶುಲ್ಕವೂ ಕಡಿಮೆ ಇಲ್ಲ. ಸಾಮಾನ್ಯ ವರ್ಗದವರಿಗೆ ಒಂದು ಪೇಪರಿಗೆ ಸಿಟಿಇಟಿಯಲ್ಲಿ 1000 ರೂಪಾಯಿ, ರಾಜ್ಯದಲ್ಲಿ 700 ರೂಪಾಯಿ ಇತ್ತು.

ಹಾಗಂತ ಹೆದರಬೇಕಿಲ್ಲ. ಸಿಟಿಇಟಿಯ ಇಂಗ್ಲಿಷ್ ಕಷ್ಟದ್ದಲ್ಲ, ಅದರಲ್ಲಿ ಬರುವ ಶಿಕ್ಷಣದ ಪದಗಳು ಹೊಸದು ಅಷ್ಟೇ. ನಾನು ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿಕೊಂಡಿದ್ದೆ. ರೂಪಣಾತ್ಮಕ ಮೌಲ್ಯಮಾಪನ, ಎದುರಿಗೆ ಫಾರ್ಮೇಟಿವ್ ಅಸೆಸ್‌ಮೆಂಟ್. ಸಮೀಪ ವಿಕಾಸ ವಲಯ, ಎದುರಿಗೆ ಝೋನ್ ಆಫ್ ಪ್ರಾಕ್ಸಿಮಲ್ ಡೆವಲಪ್‌ಮೆಂಟ್. ಮೂರ್ತ ಕಾರ್ಯಗಳ ಹಂತ, ಎದುರಿಗೆ ಕಾಂಕ್ರೀಟ್ ಆಪರೇಷನಲ್. ಬಿ.ಎಡ್.ನಲ್ಲಿ ಪಿಯಾಜೆ, ವೈಗೋಟ್‌ಸ್ಕಿ, ಕೋಲ್‌ಬರ್ಗ್ ಎಂಬ ಮನೋವಿಜ್ಞಾನಿಗಳೆಲ್ಲರನ್ನೂ ಕನ್ನಡದಲ್ಲಿ ಓದಿರುತ್ತೇವೆ. ವಿಷಯ ಗೊತ್ತಿರುತ್ತದೆ, ಇಂಗ್ಲಿಷ್ ಹೆಸರು ಮಾತ್ರ ಗೊತ್ತಿರುವುದಿಲ್ಲ. ಈ ಪಟ್ಟಿ ಮಾಡಿಕೊಂಡ ಮೇಲೆ ನನಗೆ ಅರ್ಧ ಭಯ ಹೋಯಿತು.

ಇನ್ನು ಸೈಕಾಲಜಿ. ನನ್ನ ಪ್ರಕಾರ ಎರಡೂ ಪರೀಕ್ಷೆಗಳ ಗುಣ ಗೊತ್ತಾಗುವುದು ಇಲ್ಲೇ. ರಾಜ್ಯದ ಪತ್ರಿಕೆಯಲ್ಲಿ ನೇರ ಪ್ರಶ್ನೆಗಳು ಜಾಸ್ತಿ. ಈ ಸಿದ್ಧಾಂತ ಯಾರದ್ದು, ಈ ಲಕ್ಷಣ ಯಾವ ಹಂತದ್ದು ಎಂಬಂಥವು. ಚೆನ್ನಾಗಿ ನೆನಪಿಟ್ಟುಕೊಂಡರೆ ಅಂಕ ಬರುತ್ತದೆ. ಸಿಟಿಇಟಿ ಹಾಗಲ್ಲ. ಅದು ನಿಮ್ಮನ್ನು ತರಗತಿಯ ಒಳಗೆ ನಿಲ್ಲಿಸಿ, ಈಗ ಏನು ಮಾಡ್ತೀರಿ ಎಂದು ಕೇಳುತ್ತದೆ. ಉದಾಹರಣೆಗೆ ಈ ಬಗೆಯದು: ಒಂದು ಮಗು 52ರಿಂದ 38 ಕಳೆದು 26 ಎಂದು ಬರೆದಿದೆ. ಶಿಕ್ಷಕಿ ಮೊದಲು ಏನು ಮಾಡಬೇಕು? ತಪ್ಪು ಹಾಕಿ ಸರಿ ಉತ್ತರ ಬರೆಸಬೇಕಾ, ಇಂಥವೇ ಹತ್ತು ಲೆಕ್ಕ ಕೊಡಬೇಕಾ, ಜಾಣ ಮಗುವಿನ ಪಕ್ಕ ಕೂರಿಸಬೇಕಾ, ಹೇಗೆ ಮಾಡಿದೆ ಎಂದು ಕೇಳಬೇಕಾ?

ನಾನು ಆಗ ಮನೆಯಲ್ಲಿ ಸಣ್ಣ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೆ. ಅಲ್ಲೊಬ್ಬಳು ಹುಡುಗಿ ಇದೇ ರೀತಿ ಕಳೆಯುತ್ತಿದ್ದಳು. ಹೇಗೆ ಮಾಡಿದೆ ಪುಟ್ಟಿ ಎಂದು ಕೇಳಿದೆ. ಪೆನ್ಸಿಲ್ ತುದಿಯನ್ನು ಒಂದೊಂದೇ ಅಂಕಿಯ ಮೇಲೆ ಇಡುತ್ತಾ ಹೋದಳು. 'ಐದರಲ್ಲಿ ಮೂರು ಹೋದರೆ ಎರಡು. ಎಂಟರಲ್ಲಿ ಎರಡು ಹೋದರೆ ಆರು. ದೊಡ್ಡದರಲ್ಲಿ ಚಿಕ್ಕದನ್ನ ಕಳೀಬೇಕು ಅಂತ ಹೇಳಿಕೊಟ್ಟಿದ್ದಾರೆ.' ಅವಳು ಸುಮ್ನೆ ಗೀಚಿರಲಿಲ್ಲ. ಅವಳ ಹತ್ತಿರ ಒಂದು ನಿಯಮ ಇತ್ತು, ಅದನ್ನು ತಪ್ಪದೆ ಪಾಲಿಸುತ್ತಿದ್ದಳು. ದಶಕ ಬಿಡಿಸುವುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅದೇ ನಿಯಮದಲ್ಲಿ ಇನ್ನೂ ಹತ್ತು ಲೆಕ್ಕ ಕೊಟ್ಟಿದ್ದರೆ ಹತ್ತೂ ತಪ್ಪಾಗುತ್ತಿತ್ತು. ಕಡ್ಡಿಗಳ ಕಟ್ಟು ತಂದು ಒಂದು ಕಟ್ಟು ಬಿಚ್ಚಿ ತೋರಿಸಿದೆ. ಹನ್ನೆರಡರಲ್ಲಿ ಎಂಟು ಹೋದರೆ ನಾಲ್ಕು, ಆಮೇಲೆ ನಾಲ್ಕರಲ್ಲಿ ಮೂರು ಹೋದರೆ ಒಂದು, ಹದಿನಾಲ್ಕು ಎಂದು ಅವಳೇ ಹೇಳಿದಳು.

ಸಿಟಿಇಟಿಗೆ ಓದುವುದು ಅಂದರೆ ಇದು. ಮಗುವಿನ ತಪ್ಪಿನ ಹಿಂದೆ ಅದರದ್ದೇ ಒಂದು ಯೋಚನೆ ಇದೆ ಎಂದು ನೋಡುವುದು. ಈ ಕಣ್ಣು ಬಂದರೆ ನಾಲ್ಕು ಆಯ್ಕೆಗಳಲ್ಲಿ ಎರಡು ತಾವಾಗಿಯೇ ಬಿದ್ದುಹೋಗುತ್ತವೆ. ಹೀಗೆ ಓದಿದವರಿಗೆ ರಾಜ್ಯದ ನೇರ ಪ್ರಶ್ನೆ ಸುಲಭವಾಗುತ್ತದೆ. ಆದರೆ ಬರೀ ಸಿದ್ಧಾಂತಗಳ ಹೆಸರು ಉರು ಹೊಡೆದವರಿಗೆ ಸಿಟಿಇಟಿ ಕೈಕೊಡುತ್ತದೆ. ಸೈಕಾಲಜಿಯನ್ನು ಸಿಟಿಇಟಿ ಮಟ್ಟಕ್ಕೆ ಓದಿ ಎಂದದ್ದು ಅದಕ್ಕೇ. ಹಳೇ ಸಿಟಿಇಟಿ ಪತ್ರಿಕೆಗಳನ್ನು ಬಿಡಿಸುವಾಗ ಸರಿ ಉತ್ತರ ನೋಡಿ ಮುಂದೆ ಹೋಗಬೇಡಿ. ಉಳಿದ ಮೂರು ಯಾಕೆ ಸರಿಯಲ್ಲ ಎಂದು ಕನ್ನಡದಲ್ಲೇ ಒಂದೊಂದು ಸಾಲು ಬರೆಯಿರಿ.

ಸಮಾಜ ವಿಜ್ಞಾನದಲ್ಲಿ ರಾಜ್ಯದ ಪರೀಕ್ಷೆ ನಮಗೆ ಹತ್ತಿರ. ನಮ್ಮ ಪಠ್ಯಪುಸ್ತಕದಿಂದ ಪ್ರಶ್ನೆ ಬರುತ್ತದೆ. ಹಲ್ಮಿಡಿ ಶಾಸನ, ಹೊಯ್ಸಳರು, ಮೈಸೂರು ಒಡೆಯರು, ಏಕೀಕರಣ ಇವೆಲ್ಲ ಚಿಕ್ಕಂದಿನಿಂದ ಕೇಳಿದ್ದು. ನಾನು ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಹೋಗುತ್ತಾ ಓದುತ್ತಿದ್ದೆ. ಶ್ರೀರಂಗಪಟ್ಟಣದ ಕೋಟೆ ಕಿಟಕಿಯಲ್ಲೇ ಕಾಣುತ್ತದೆ. 1792ರ ಒಪ್ಪಂದ, 1799ರ ಯುದ್ಧ ಮರೆಯುವುದಾದರೂ ಹೇಗೆ? ಮದ್ದೂರಿನ ಪಕ್ಕದ ಶಿವಪುರದ ಧ್ವಜ ಸತ್ಯಾಗ್ರಹ 1938, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದದ್ದು 1902. ನಮ್ಮ ಜಿಲ್ಲೆಯವರಿಗೆ ಇವು ಊರಿನ ಸುದ್ದಿ ಇದ್ದಂತೆ.

ಸಿಟಿಇಟಿಗೆ ಎನ್‌ಸಿಇಆರ್‌ಟಿ (ಕೇಂದ್ರದ ಪಠ್ಯಪುಸ್ತಕ ತರುವ ಸಂಸ್ಥೆ) ಪುಸ್ತಕ ಬೇಕು. ಅವು ಕನ್ನಡದಲ್ಲಿಲ್ಲ. ಆದರೆ ರಾಜ್ಯದ ಪುಸ್ತಕದಲ್ಲಿ ಒಂದು ಪಾಠವನ್ನು ಓದಿ, ಅದೇ ವಿಷಯವನ್ನು ಎನ್‌ಸಿಇಆರ್‌ಟಿಯಲ್ಲಿ ಓದಿದರೆ ಇಂಗ್ಲಿಷ್ ಅಷ್ಟು ಭಾರ ಅನ್ನಿಸುವುದಿಲ್ಲ. ಎರಡೂ ಪಿಡಿಎಫ್ ರೂಪದಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಎಚ್ಚರಿಕೆ. ಎನ್‌ಸಿಇಆರ್‌ಟಿ 2024ರಲ್ಲಿ 6ನೇ ತರಗತಿಗೆ, 2025ರಲ್ಲಿ 7 ಮತ್ತು 8ನೇ ತರಗತಿಗೆ ಹೊಸ ಪುಸ್ತಕ ತಂದಿದೆ. ಗೈಡ್ ಕೊಳ್ಳುವಾಗ ಯಾವ ಪುಸ್ತಕದ ಮೇಲೆ ಬರೆದದ್ದು ಎಂದು ನೋಡಿ. ಇನ್ನೊಂದು, ಎರಡು ಪರೀಕ್ಷೆಯಲ್ಲೂ ವಿಷಯದ 60ರಲ್ಲಿ ಬೋಧನಾ ಕ್ರಮದ ಪ್ರಶ್ನೆಗಳೂ ಸೇರಿವೆ. ಸಿಟಿಇಟಿ ಸಮಾಜ ವಿಜ್ಞಾನದಲ್ಲಿ ಅವು 20. ಇಸವಿ ಓದುವ ಭರದಲ್ಲಿ ಇವನ್ನು ಬಿಡುವವರೇ ಹೆಚ್ಚು.

ಕನ್ನಡ ಭಾಷೆಯ ಭಾಗ ಎರಡರಲ್ಲೂ ನಮಗೆ ಅನುಕೂಲವೇ. ರಾಜ್ಯದ್ದಕ್ಕೆ ಸಂಧಿ, ಸಮಾಸ ಸ್ವಲ್ಪ ತಿರುವಿಹಾಕಿ. ಸಿಟಿಇಟಿಯಲ್ಲಿ ಗದ್ಯ ಪದ್ಯ ಓದಿ ಉತ್ತರಿಸುವುದು ಮತ್ತು ಭಾಷೆ ಕಲಿಸುವ ರೀತಿ, ಅಷ್ಟೇ.

ಯೋಜನೆ ಹಾಕುವವರಿಗೆ ದಿನಾಂಕವೇ ತಲೆನೋವು. ರಾಜ್ಯದ ಟಿಇಟಿ 2022ರಲ್ಲಿ ನವೆಂಬರ್ 6ಕ್ಕೆ, 2023ರಲ್ಲಿ ಸೆಪ್ಟೆಂಬರ್ 3ಕ್ಕೆ, 2024ರಲ್ಲಿ ಜೂನ್ 30ಕ್ಕೆ ನಡೆಯಿತು. ಯಾವ ತಿಂಗಳು ಎಂದು ಮೊದಲೇ ಲೆಕ್ಕ ಹಾಕಲು ಆಗುವುದಿಲ್ಲ. ಅಧಿಸೂಚನೆ ಬಂದ ಮೇಲೆ ಓದಲು ಕೂತರೆ ಸಮಯ ಸಾಲದು. ಅದಕ್ಕೆ ಪಠ್ಯಪುಸ್ತಕದ ಓದನ್ನು ಅಧಿಸೂಚನೆಗೆ ಕಾಯದೆ ಮುಗಿಸಿಡಿ. ಅಧಿಸೂಚನೆ ಬಂದ ಮೇಲಿನ ದಿನಗಳು ಹಳೇ ಪತ್ರಿಕೆಗೆ ಇರಲಿ.

ಕೆಲಸದ ಲೆಕ್ಕಕ್ಕೆ ಬಂದರೆ, ಕೇಂದ್ರೀಯ ವಿದ್ಯಾಲಯ, ನವೋದಯ ಬೇಕು ಎನ್ನುವವರಿಗೆ ಸಿಟಿಇಟಿಯೇ ದಾರಿ. ಮಂಡ್ಯ, ಮೈಸೂರು ಎರಡೂ ಜಿಲ್ಲೆಯಲ್ಲಿ ನವೋದಯ ಇದೆ. ಆದರೆ ಕೆಲಸ ಇಲ್ಲೇ ಸಿಗುತ್ತದೆ ಎಂದುಕೊಳ್ಳಬೇಡಿ, ದೇಶದ ಯಾವ ಮೂಲೆಗಾದರೂ ಹಾಕಬಹುದು. ಊರ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಬೇಕು ಎನ್ನುವವರು ರಾಜ್ಯದ ಟಿಇಟಿಯಲ್ಲಿ ಪಾಸಾದರೆ ಸಾಲದು, ಒಳ್ಳೆ ಅಂಕವನ್ನೂ ತೆಗೆಯಬೇಕು. ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ಆಯ್ಕೆ ಪಟ್ಟಿ ಮಾಡುವಾಗ ಟಿಇಟಿ ಅಂಕಕ್ಕೂ ಪಾಲು ಇದೆ. ಮೊದಲು ರಾಜ್ಯದ್ದು ಬರೆಯಿರಿ ಎನ್ನಲು ಇದೇ ದೊಡ್ಡ ಕಾರಣ. ಬಿ.ಎಡ್. ಮಾತ್ರ ಇರುವವರು ಪೇಪರ್ 1ಕ್ಕೆ ಹಣ ಸುರಿಯಬೇಡಿ. 1ರಿಂದ 5ನೇ ತರಗತಿಗೆ ಬಿ.ಎಡ್. ಅರ್ಹತೆ ಅಲ್ಲ ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಡಿ.ಎಡ್. ಮಾಡಿದವರ ಜಾಗ.

ಕೋಚಿಂಗ್ ಬೇಕಾ ಎಂದು ಕೇಳುತ್ತಾರೆ. ನಾನು ಮೈಸೂರಿನಲ್ಲಿ ಕೆಲವು ಕಾಲ ಒಂದು ಕಡೆ ಹೋದೆ. ಟೈಮ್‌ಟೇಬಲ್ ಸಿಕ್ಕಿತು, ಜೊತೆಗೆ ಓದುವವರು ಸಿಕ್ಕರು. ಓದು ಆಗಿದ್ದು ಮಾತ್ರ ಮನೆಯಲ್ಲಿ, ಪಠ್ಯಪುಸ್ತಕದಿಂದ. ಜೊತೆಗಾರರು ಇದ್ದರೆ ಕೋಚಿಂಗ್ ಇಲ್ಲದೆಯೂ ಆಗುತ್ತದೆ.

ಈಗ ಸೇವೆಯಲ್ಲಿರುವ ಹಿರಿಯ ಶಿಕ್ಷಕರೂ ಯಾವ ಪರೀಕ್ಷೆ ಬರೆಯೋದು ಎಂದು ಕೇಳುತ್ತಿದ್ದಾರೆ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ, ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವವರೂ ಟಿಇಟಿ ಪಾಸಾಗಬೇಕು ಎಂದು ಹೇಳಿ, ಎರಡು ವರ್ಷ ಕಾಲಾವಕಾಶ ಕೊಟ್ಟಿತು. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಇದು ನೋವಿನ ವಿಷಯ, ಅಲ್ವಾ? ಅವರಿಗೆ ನನ್ನ ಸಲಹೆ ರಾಜ್ಯದ ಪರೀಕ್ಷೆಯೇ. ಪತ್ರಿಕೆ ಕನ್ನಡದಲ್ಲಿದೆ, ಪುಸ್ತಕ ಅವರ ಕೈಯಲ್ಲೇ ಇದೆ, ತರಗತಿಯ ಅನುಭವ ನಮಗಿಂತ ಎಷ್ಟೋ ಪಾಲು ಹೆಚ್ಚಿದೆ. ಅವರು ಅಭ್ಯಾಸ ಮಾಡಬೇಕಾದದ್ದು ಒಂದೇ, ಎರಡೂವರೆ ಗಂಟೆಯಲ್ಲಿ 150 ವೃತ್ತ ತುಂಬುವುದು.

ಸಿಟಿಇಟಿಗೆ ಕೂರುವವರಿಗೆ ಇನ್ನೊಂದು ಮಾತು. ಭಾಷೆಯಾಗಿ ಕನ್ನಡ ಆರಿಸಿದ್ದರೆ ಅದರ ಪ್ರಶ್ನೆಗಳು ಪ್ರತ್ಯೇಕ ಪುಸ್ತಿಕೆಯಲ್ಲಿ ಇರುತ್ತವೆ. ಮುಖ್ಯ ಪುಸ್ತಿಕೆ ಕೈಗೆ ಬಂದ ಕೂಡಲೇ ಕೊಠಡಿ ಮೇಲ್ವಿಚಾರಕರ ಹತ್ತಿರ ಅದನ್ನು ಕೇಳಿ ಪಡೆಯಿರಿ.