ಗಂಕ್ಸ್‌ನಲ್ಲಿ ಟ್ರ್ಯಾಡ್: ಯಾರ ಜೊತೆ, ಯಾವ ರೂಟ್?

ಬಂಡೆ ಹತ್ತಲು ನಾನು ಮೊದಲ ಸಲ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದು ರಾಮನಗರದಲ್ಲಿ. ಆಗ ಮೇಲಿಂದ ಹಗ್ಗ ಇಳಿಬಿಟ್ಟಿರುತ್ತಿದ್ದರು, ಕೆಳಗೆ ಗೆಳೆಯರ ದಂಡೇ ಇರುತ್ತಿತ್ತು. ಕೆಲಸಕ್ಕೆ ಅಂತ ನ್ಯೂಜೆರ್ಸಿಗೆ ಬಂದ ಮೇಲೆ ಎರಡೂ ಇಲ್ಲವಾಯಿತು. ಆದರೆ ಕಾರಿನಲ್ಲಿ ಎರಡು ಗಂಟೆ ಹೋದರೆ ನ್ಯೂಯಾರ್ಕ್ ರಾಜ್ಯದ ನ್ಯೂ ಪಾಲ್ಟ್ಜ್ ಊರು, ಅದರ ಪಕ್ಕದಲ್ಲೇ ಶವಾಂಗಂಕ್ ಬೆಟ್ಟಸಾಲು. ಹತ್ತುವವರ ಬಾಯಲ್ಲಿ ಅದು ಗಂಕ್ಸ್. ಇಲ್ಲಿ ರೂಟ್, ಅಂದರೆ ಹತ್ತುವ ದಾರಿಯ ಉದ್ದಕ್ಕೂ ಹಗ್ಗ ಸಿಕ್ಕಿಸಲು ಬೋಲ್ಟ್ ಹೊಡೆದಿರುವುದಿಲ್ಲ. ಲೀಡ್ ಮಾಡುವವರು, ಅಂದರೆ ಮೊದಲು ಹತ್ತುವವರು, ಬಿದ್ದರೆ ಹಗ್ಗ ತಡೆಯಲಿ ಅಂತ ಬಿರುಕುಗಳಲ್ಲಿ ನಟ್, ಕ್ಯಾಮ್ ಎಂಬ ಲೋಹದ ಗೇರ್ ಸಿಕ್ಕಿಸುತ್ತಾ ಹೋಗಬೇಕು. ಹಿಂದೆ ಬರುವವರು ಅದನ್ನೆಲ್ಲಾ ಬಿಡಿಸಿಕೊಂಡು ಬರಬೇಕು. ಇದೇ ಟ್ರ್ಯಾಡ್. ಜೊತೆಗೊಬ್ಬರು ಬೇಕೇ ಬೇಕು.

ಹಾಗೆ ಒಬ್ಬರನ್ನು ಹುಡುಕಲು ನಾನು ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು ಕ್ಲಬ್. ಗಂಕ್ಸ್‌ನಲ್ಲಿ ಇದಕ್ಕೆ ಹಳೆಯ ಕಥೆಯೇ ಇದೆ. 1950ರ ದಶಕದಲ್ಲಿ ಅಪಲಾಚಿಯನ್ ಮೌಂಟನ್ ಕ್ಲಬ್‌ನವರು ಯಾರು ಲೀಡ್ ಮಾಡಬಹುದು, ಯಾರು ಮಾಡಬಾರದು ಅಂತ ಪಟ್ಟಿ ಇಟ್ಟುಕೊಂಡಿದ್ದರು. ಅದನ್ನು ಒಪ್ಪದ ಹುಡುಗರು ವಲ್ಗೇರಿಯನ್ಸ್ ಅಂತ ಗುಂಪು ಕಟ್ಟಿಕೊಂಡು ತಮ್ಮಿಷ್ಟದಂತೆ ಹತ್ತಿದರು. ಓದುವಾಗ ಮನಸ್ಸು ವಲ್ಗೇರಿಯನ್ಸ್ ಕಡೆಗೇ ವಾಲುತ್ತದೆ. ಆದರೆ ಕ್ಲಬ್‌ನ ಜೊತೆ ಆರು ವಾರಾಂತ್ಯ ಕಳೆದ ಮೇಲೆ ಆ ಪಟ್ಟಿಯವರ ಆತಂಕವೂ ನನಗೆ ಅರ್ಥವಾಯಿತು. ನಮ್ಮನ್ನು ಬಂಡೆಗೆ ಭದ್ರವಾಗಿ ಹಿಡಿದಿಡುವ ಆಂಕರ್ ಕಟ್ಟುವುದು, ನಟ್ ಎಳೆದು ಪರೀಕ್ಷಿಸುವುದು, ಹಿಂದಿರುವವರಿಗೆ ಮೇಲಿಂದ ಬಿಲೇ ಕೊಡುವುದು, ಅಂದರೆ ಅವರು ಬಿದ್ದರೆ ತಡೆಯುವಂತೆ ಹಗ್ಗ ಹಿಡಿಯುವುದು, ಎಲ್ಲ ಕಲಿತದ್ದು ಅಲ್ಲೇ. ಕೊರತೆ ಅಂದರೆ ನಿಧಾನ. ಒಂದು ಹಗ್ಗಕ್ಕೆ ಮೂರು ಜನ, ದಿನಕ್ಕೆ ಎರಡು ರೂಟ್. ಯಾವ ರೂಟ್ ಅಂತ ಬೇರೆಯವರೇ ನಿರ್ಧರಿಸಿರುತ್ತಾರೆ, ಹಾಗಾಗಿ ರೂಟ್ ಆರಿಸುವ ಬುದ್ಧಿ ಮಾತ್ರ ಬೆಳೆಯುವುದಿಲ್ಲ.

ಎರಡನೆಯವನು ಕ್ಲೈಂಬಿಂಗ್ ಜಿಮ್‌ನಲ್ಲಿ ಸಿಕ್ಕ ಗೆಳೆಯ. ದಾವಣಗೆರೆಯವನು. ಒಳಾಂಗಣದ ಗೋಡೆಯಲ್ಲಿ ಅವನು 5.11 ಗ್ರೇಡ್ ಹತ್ತುತ್ತಾನೆ (ಚುಕ್ಕಿಯ ನಂತರದ ಅಂಕಿ ದೊಡ್ಡದಾದಷ್ಟೂ ಕಷ್ಟ), ನನಗಿಂತ ಎಷ್ಟೋ ಮೇಲು. ಆ ಧೈರ್ಯದ ಮೇಲೆ ಅವನನ್ನು ನೇರ ಹೈ ಎಕ್ಸ್‌ಪೋಷರ್ ಎಂಬ ರೂಟ್‌ಗೆ ಕರೆದುಕೊಂಡು ಹೋದೆ. 5.6 ತಾನೇ, ಅಂದುಕೊಂಡೆ. ಹ್ಯಾನ್ಸ್ ಕ್ರೌಸ್ ಮತ್ತು ಫ್ರಿಟ್ಜ್ ವೀಸ್ನರ್ ಅದನ್ನು 1941ರಲ್ಲೇ ಹತ್ತಿದ್ದಾರೆ, ಕ್ಯಾಮ್ ಅನ್ನುವ ಸಾಧನವೇ ಇಲ್ಲದ ಕಾಲದಲ್ಲಿ. ಅರ್ಧದಲ್ಲಿ ಜಿ.ಟಿ. ಲೆಡ್ಜ್ ಎಂಬ ಅಗಲವಾದ ಜಗಲಿ ಇದೆ. ಬಿಲೇ ಮಾಡುವವರು ಅಲ್ಲಿ ನಿಲ್ಲುತ್ತಾರೆ. ಲೀಡ್ ಮಾಡುವವರು ಮೇಲೆ ಸೂರಿನಂತೆ ಚಾಚಿದ ಬಂಡೆಯಡಿಗೆ ಹೋಗಿ, ಅಲ್ಲಿಂದ ಬಯಲಿಗೆ ಒಂದು ಹೆಜ್ಜೆ ಇಟ್ಟು ಅಂಚು ದಾಟಿ ಮಾಯವಾಗುತ್ತಾರೆ. ಅಲ್ಲಿಂದಾಚೆ ಕಣ್ಣಿಗೂ ಕಾಣುವುದಿಲ್ಲ, ಮಾತೂ ಕೇಳುವುದಿಲ್ಲ.

ಅವತ್ತು ಗಾಳಿ ಬೇರೆ ಇತ್ತು. ನಾನು "ಹಗ್ಗ ಬಿಡು" ಅಂದೆ. ಅವನಿಗೆ "ಹಗ್ಗ" ಮಾತ್ರ ಕೇಳಿಸಿತು. ಎಳೆದ. ಕಾಲು ನಡುಗಿದ್ದು ಇನ್ನೂ ನೆನಪಿದೆ. ಆಮೇಲೆ ಅವನ ಸರದಿ. ನಾನು ಗಟ್ಟಿಯಾಗಿ ಕೂರಿಸಿದ್ದ ಒಂದು ನಟ್ ಬಿಡಿಸಲು ಅವನಿಗೆ ಅರ್ಧ ಗಂಟೆ ಹಿಡಿಯಿತು, ಯಾಕೆಂದರೆ ಅವನು ಅದುವರೆಗೆ ನಟ್ ಬಿಡಿಸಿಯೇ ಇರಲಿಲ್ಲ. ತಪ್ಪು ಅವನದಲ್ಲ. ನೆಲದಲ್ಲಿ ಹದಿನೈದು ನಿಮಿಷ ಹೇಳಿಕೊಟ್ಟಿದ್ದರೆ ಮುಗಿಯುತ್ತಿತ್ತು, ನಾನು ಹೇಳಿಕೊಡಲಿಲ್ಲ.

ಈಗ ನಾವು "ಹಗ್ಗ" ಅನ್ನುವ ಮಾತನ್ನೇ ಕೈಬಿಟ್ಟಿದ್ದೇವೆ. ಮೊದಲು ಹೆಸರು, ಆಮೇಲೆ "ಬಿಡು" ಅಥವಾ "ಎಳಿ", ಅಷ್ಟೇ. ಮಾತು ಮುಟ್ಟದ ಕಡೆ ಹಗ್ಗವನ್ನು ಇಷ್ಟು ಸಲ ಜಗ್ಗಿದರೆ ಇದು ಅರ್ಥ ಅಂತ ಮೊದಲೇ ಗೊತ್ತುಮಾಡಿಕೊಳ್ಳುತ್ತೇವೆ. ಕನ್ನಡದಲ್ಲಿ ಕೂಗುವುದರಿಂದ ಇನ್ನೊಂದು ಅನುಕೂಲ. ಶನಿವಾರ ಅಕ್ಕಪಕ್ಕದ ರೂಟ್‌ಗಳಲ್ಲೆಲ್ಲಾ ಜನ, ಎಲ್ಲರೂ ಇಂಗ್ಲಿಷಿನಲ್ಲಿ ಕೂಗುತ್ತಿರುತ್ತಾರೆ. ನಮ್ಮ ಕೂಗು ಬೇರೆಯವರದ್ದರ ಜೊತೆ ಬೆರೆಯುವುದಿಲ್ಲ.

ಮೂರನೆಯದು ಊಬರ್‌ಫಾಲ್. ಟ್ರ್ಯಾಪ್ಸ್ ಎಂಬ ಉದ್ದನೆಯ ಬಂಡೆಗೋಡೆಯ ಬುಡದಲ್ಲಿ ಹತ್ತುವವರೆಲ್ಲಾ ಸೇರುವ ಜಾಗ. ಜೊತೆ ಇಲ್ಲದೆ ಬಂದವರು ಅಲ್ಲಿ ಇನ್ನೊಬ್ಬರನ್ನು ಹುಡುಕಿಕೊಳ್ಳುವುದುಂಟು. ನನಗೆ ಮೊದಲು ಸಿಕ್ಕ ಹುಡುಗ ಐದು ನಿಮಿಷದಲ್ಲಿ ತಾನು ಹತ್ತಿದ ಗ್ರೇಡ್‌ಗಳನ್ನೆಲ್ಲಾ ಹೇಳಿದ, ನನ್ನ ಬಗ್ಗೆ ಒಂದೂ ಕೇಳಲಿಲ್ಲ. ಬೇಡ ಅಂದೆ. ಆಮೇಲೆ ಅರವತ್ತರ ಆಸುಪಾಸಿನ ಒಬ್ಬರು ಸಿಕ್ಕರು. ನನ್ನ ಗಂಟು ನೋಡಿದರು. ಗೇರ್ ಬಿಡಿಸಿ ಹರಡಲು ಹೇಳಿದರು. "ನೀವು ಯಾವಾಗ ಕೊನೆಯ ಸಲ ಅರ್ಧಕ್ಕೇ ಇಳಿದು ಬಂದಿರಿ?" ಅಂತ ಕೇಳಿದರು. ಈಗ ಹೊಸಬರು ಸಿಕ್ಕಾಗ ನಾನೂ ಇದನ್ನೇ ಕೇಳುತ್ತೇನೆ. ಇಳಿದೇ ಇಲ್ಲ ಅನ್ನುವವರ ಜೊತೆ ಹತ್ತುವುದಿಲ್ಲ.

ದುಡ್ಡು ಕೊಟ್ಟು ಗೈಡ್ ಜೊತೆ ಒಂದು ದಿನ ಹೋಗಿದ್ದೂ ಇದೆ. ಆಂಕರ್ ತಿದ್ದಿಕೊಳ್ಳಲು ಒಳ್ಳೆಯದು. ಆದರೆ ಅದು ಪಾಠ, ಸಾಂಗತ್ಯ ಅಲ್ಲ.

ಇನ್ನು ರೂಟ್. ಗಂಕ್ಸ್‌ನಲ್ಲಿ ಬಿರುಕುಗಳು ಹೆಚ್ಚಾಗಿ ಅಡ್ಡಡ್ಡ ಓಡುತ್ತವೆ. ಹಿಡಿತ ದೊಡ್ಡದು, ಗೋಡೆ ಕಡಿದು. ಗ್ರೇಡ್ ಹಾಕುವ ಕೈ ಬಿಗಿ, ಅಂಕಿ ಹೇಳುವುದಕ್ಕಿಂತ ರೂಟ್ ಕಷ್ಟವೇ ಇರುತ್ತದೆ. ಗೈಡ್‌ಬುಕ್‌ನಲ್ಲಿ ಅಂಕಿಯ ಪಕ್ಕ ಜಿ, ಪಿಜಿ, ಆರ್, ಎಕ್ಸ್ ಅಂತ ಅಕ್ಷರ ಇರುತ್ತದೆ. ಗೇರ್ ಎಷ್ಟು ಚೆನ್ನಾಗಿ ಕೂರುತ್ತದೆ ಅನ್ನುವುದರ ಗುರುತು ಅದು, ಜಿ ಅಂದರೆ ಚೆನ್ನಾಗಿ, ಎಕ್ಸ್ ಅಂದರೆ ತೀರಾ ಅಪಾಯ. ನಾನಂತೂ ಅಂಕಿಗಿಂತ ಮೊದಲು ಅಕ್ಷರ ನೋಡುತ್ತೇನೆ.

5.3ರ ತ್ರೀ ಪೈನ್ಸ್ ಮತ್ತು 5.5ರ ಹಾರ್ಸ್‌ಮನ್ ಎರಡನ್ನೂ ಲೀಡ್ ಮಾಡಿದ್ದೇನೆ. ಸುಲಭ ಯಾವುದು ಅಂದರೆ ತ್ರೀ ಪೈನ್ಸ್. ಬಿದ್ದರೆ ಪೆಟ್ಟು ಜಾಸ್ತಿ ಎಲ್ಲಿ? ಅದೂ ತ್ರೀ ಪೈನ್ಸೇ, ಅಲ್ವಾ? ಜಗಲಿ ಜಗಲಿಯಾಗಿರುವ ರೂಟ್‌ನಲ್ಲಿ ಹಗ್ಗ ಬಿಗಿಯಾಗುವ ಮೊದಲೇ ಕಾಲು ಕಲ್ಲಿಗೆ ಬಡಿಯುತ್ತದೆ. ಹಾಗಾಗಿ ತ್ರೀ ಪೈನ್ಸನ್ನು ಹಿಂದೆ ಬರುವವರ ಅಭ್ಯಾಸಕ್ಕೆ ಇಟ್ಟುಕೊಂಡಿದ್ದೇನೆ, ನಟ್ ಬಿಡಿಸುವಾಗ ಆರಾಮವಾಗಿ ನಿಲ್ಲಬಹುದು. ಹಾರ್ಸ್‌ಮನ್‌ನಲ್ಲಿ ಮೂಲೆಯಿಂದ ಎಡಕ್ಕೆ ಸರಿದು ಅಂಚಿನ ಮೇಲೆ ಕುದುರೆ ಏರಿದಂತೆ ಕಾಲು ಹಾಕಬೇಕು. ಅಡ್ಡ ಸರಿಯುವಾಗ ಒಂದು ಮಾತು ನೆನಪಿಡಿ. ಕಷ್ಟದ ಹೆಜ್ಜೆ ದಾಟಿದ ಮೇಲೂ ಒಂದು ಗೇರ್ ಹಾಕಿ. ಅದು ನಿಮಗಲ್ಲ, ಹಿಂದಿನವರಿಗೆ. ಇಲ್ಲದಿದ್ದರೆ ಅವರು ಬಿದ್ದಾಗ ಉಯ್ಯಾಲೆಯಂತೆ ತೂಗಿ ಬಂಡೆಗೆ ಅಪ್ಪಳಿಸುತ್ತಾರೆ.

ಶಾಕ್ಲೀಸ್ ಸೀಲಿಂಗ್ ಸಹ 5.6. ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲಿ ಒಬ್ಬರಾದ ವಿಲಿಯಂ ಶಾಕ್ಲಿ 1953ರಲ್ಲಿ ಹತ್ತಿದ್ದು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಹಾಗಾಗಿ ಆ ಹೆಸರೇ ನನ್ನನ್ನು ಎಳೆದಿತ್ತು. ಅಂಕಿ ಒಂದೇ ಆದರೂ ಹೈ ಎಕ್ಸ್‌ಪೋಷರ್ ಎದೆಗಾರಿಕೆ ಕೇಳುತ್ತದೆ, ಇದು ತೋಳು ಕೇಳುತ್ತದೆ. ಹಿಂದೆ ಬರುವವರು ಸೂರಿನಡಿ ಕೈಜಾರಿದರೆ ಗಾಳಿಯಲ್ಲಿ ನೇತಾಡುತ್ತಾರೆ. ಹಗ್ಗಕ್ಕೆ ಪ್ರೂಸಿಕ್ ಗಂಟು ಹಾಕಿ ಮೇಲೇರಲು ಬರುವವರ ಜೊತೆ ಮಾತ್ರ ಇಲ್ಲಿಗೆ ಹೋಗಿ. ನಾನು ಹೋಗಿದ್ದು ಊಬರ್‌ಫಾಲ್‌ನಲ್ಲಿ ಸಿಕ್ಕ ಆ ಹಿರಿಯರ ಜೊತೆ.

ಮುಂದಿನ ಶನಿವಾರ ದಾವಣಗೆರೆಯವನ ಮೊದಲ ಲೀಡ್. ಅವನು ತ್ರೀ ಪೈನ್ಸ್ ಅಂದ, ನಾನು ಹಾರ್ಸ್‌ಮನ್ ಅಂದೆ. ಅವನ ತೋಳಿಗೆ 5.5 ಭಾರವಲ್ಲ, ಜಗಲಿಗಳ ಕಾಟವೂ ಅಲ್ಲಿ ಕಡಿಮೆ. ಏಳು ಗಂಟೆಗೇ ಬುಡದಲ್ಲಿರಬೇಕು, ಇಲ್ಲದಿದ್ದರೆ ಕ್ಯೂ.