ಮೂವತ್ತೆರಡೂ ಅದೇ, ಎರಡೂಕಾಲೂ ಅದೇ: ನನ್ನ ಚಾರ್ಜಿಂಗ್ ಹವಾ ಪಂಪು

ಕಾರಟಗಿಯ ರೈಸ್‌ಮಿಲ್ಲೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವವನು ನಾನು. ಹಬೆಯ ಒತ್ತಡ ತೋರಿಸುವ ನಮ್ಮ ಗೇಜು ಕೆಜಿಯದು. ಹೊಟ್ಟು ಹಾಕುವ ಹುಡುಗರೂ "ಎಂಟು ಕೆಜಿ ಬಂತ್ರಿ" ಅಂತಲೇ ಕೂಗುತ್ತಾರೆ. ಪಂಕ್ಚರ್ ಅಂಗಡಿಯ ಲೆಕ್ಕ ಬೇರೆ, ಪಿಎಸ್ಐ ಅನ್ನುವ ಇನ್ನೊಂದು ಅಳತೆ. "ಹವಾ ಎಷ್ಟ್ ಹೊಡೀಲ್ರಿ?" ಅಂದರೆ "ಮೂವತ್ತೈದು" ಅಂದುಬಿಡುತ್ತಿದ್ದೆ. ಯಾಕೆ ಮೂವತ್ತೈದು ಅನ್ನೋದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ರಾತ್ರಿ ಪಾಳಿ ಮುಗಿಸಿ ಹೊರಬಂದರೆ ಬೈಕಿನ ಹಿಂದಿನ ಗಾಲಿ ಇಳಿದಿತ್ತು. ಅಂಗಡಿ ಒಂದೂ ತೆರೆದಿರಲಿಲ್ಲ. ಮನೆ ತನಕ ತಳ್ಳಿಕೊಂಡು ಹೋದವನು, ಅವತ್ತೇ ಸಾವಿರದ ಎಂಟುನೂರು ಕೊಟ್ಟು ಈ ಪಂಪನ್ನು ಆನ್‌ಲೈನ್‌ನಲ್ಲಿ ತರಿಸಿದೆ.

ಕೆಲಸಕ್ಕೆ ಹೆಸರಿಡುವಂತಿಲ್ಲ. 20ರಿಂದ 32ಕ್ಕೆ ಎರಡೇ ನಿಮಿಷ, ಇಟ್ಟ ಅಂಕಿ ಮುಟ್ಟಿದ ತಕ್ಷಣ ತಾನೇ ನಿಲ್ಲುತ್ತದೆ. ಮಿಲ್ಲಿನ ಕಂಪ್ರೆಸರ್ ಗೇಜಿಗೆ ಹೋಲಿಸಿಯೂ ನೋಡಿದೆ, ಸರಿ ಇದೆ. ಸದ್ದು ಮಾತ್ರ ಹಿಟ್ಟಿನ ಗಿರಣಿಯದು, ಪೈಪು ಗೇಣುದ್ದ.

ನನ್ನ ತಕರಾರೆಲ್ಲ ಅದರ ಯೂನಿಟ್ ಬಟನ್ ಮೇಲೆ. ಒತ್ತಿದಷ್ಟೂ ಪಿಎಸ್ಐ, ಬಾರ್, ಕೆಪಿಎ (ಕಿಲೋಪಾಸ್ಕಲ್), ಕೆಜಿ ಅಂತ ಒತ್ತಡದ ನಾಲ್ಕು ಅಳತೆ ಸುತ್ತುತ್ತದೆ. ಅಂಕಿ ದೊಡ್ಡದು, ಪಕ್ಕದ ಅಕ್ಷರ ಸಾಸಿವೆ ಕಾಳು. ಜೊತೆಗೆ ಬಂದ ಪುಸ್ತಕದಲ್ಲಿ ಒಂದರಿಂದ ಇನ್ನೊಂದಕ್ಕೆ ಹೇಗೆ ಹೋಗಬೇಕು ಅಂತ ಒಂದು ಸಾಲೂ ಇಲ್ಲ.

ನನ್ನ ಬೈಕಿನ ಸ್ಟಿಕರ್ ಮೇಲೆ ಮುಂದೆ 1.75, ಹಿಂದೆ 2.25 ಕೆಜಿ ಅಂತಿದೆ. ಪಿಎಸ್ಐ ಬರೆದ ಕಡೆ ವಾಟರ್ ಸರ್ವಿಸ್‌ನಲ್ಲಿ ಕಿತ್ತುಹೋಗಿದೆ. ಕೆಜಿ ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ಕೆಜಿ ಭಾರ, ಪಿಎಸ್ಐ ಅಂದರೆ ಒಂದು ಚದರ ಇಂಚಿನ ಮೇಲೆ ಒಂದು ಪೌಂಡ್. ಒಂದು ಕೆಜಿಗೆ 14.22 ಪಿಎಸ್ಐ. ಗುಣಿಸಿದೆ: ಮುಂದೆ 25, ಹಿಂದೆ 32. ಇಷ್ಟು ವರ್ಷ ಎರಡೂ ಗಾಲಿಗೆ ಮೂವತ್ತೈದು ಹೊಡೆಸಿ ಸೊಂಟ ನೋವು ಅಂತ ರಸ್ತೆಗೆ ಬೈದಿದ್ದೇನೆ!

ಬಾರ್ ಅಂದರೆ ಒಂದು ಲಕ್ಷ ಪಾಸ್ಕಲ್, ಅಂದರೆ 100 ಕೆಪಿಎ, ಅಂದರೆ 14.5 ಪಿಎಸ್ಐ. ಕೆಜಿಗೂ ಅದಕ್ಕೂ ನೂರಕ್ಕೆ ಎರಡರಷ್ಟೇ ಫರಕು. ಈ ಪಂಪು ಚುಕ್ಕಿ ಆದಮೇಲೆ ಒಂದೇ ಅಂಕಿ ತೋರಿಸುವುದರಿಂದ, 32 ಪಿಎಸ್ಐ ಇರುವ ಟೈರು ಬಾರ್‌ನಲ್ಲೂ 2.2, ಕೆಜಿಯಲ್ಲೂ 2.2. ಟೈರಿಗೆ ನಡೆಯುತ್ತದೆ ಬಿಡಿ. ನನ್ನ ಬಾಯ್ಲರಿನಲ್ಲಿ ಹತ್ತು ಬಾರ್ ಅಂದರೆ 10.2 ಕೆಜಿ, ಅಲ್ಲಿ ನಾನು ಒಪ್ಪುವವನಲ್ಲ.

ಫಜೀತಿ ಆದದ್ದು ತಮ್ಮನ ಮಗನಿಂದ. ಬಟನ್ ಬಾರ್‌ಗೆ ಹೋಗಿದ್ದು ಅವನಿಗೆ ಗೊತ್ತಿಲ್ಲ. "ದೊಡ್ಡಪ್ಪಾ, ಮೂವತ್ತೆರಡಕ್ಕ ಹೋಗವಲ್ದು, 10.3ಕ್ಕ ನಿಂತೈತಿ" ಅಂದ. ಅಷ್ಟಕ್ಕೇ ಇಟ್ಟು ಚಾಲೂ ಮಾಡಿಯೂ ಬಿಟ್ಟಿದ್ದ. 10.3 ಬಾರ್ ಅಂದರೆ ಹತ್ತಿರ ಹತ್ತಿರ 150 ಪಿಎಸ್ಐ, ಈ ಪಂಪಿನ ಕೊನೆಯ ಮಿತಿ! ಓಡಿಹೋಗಿ ಕಿತ್ತಾಗ 3.6, ಅಂದರೆ 52. ಬಾಯ್ಲರಿಗೆ ಒತ್ತಡ ಮೀರಿದರೆ ಹಬೆ ಹೊರಬಿಡುವ ಸೇಫ್ಟಿ ವಾಲ್ವ್ ಇರುತ್ತದೆ, ಬೈಕಿನ ಟೈರಿಗೆ ಎಲ್ಲಿಂದ ತರೋಣ? ಈಗ ಪಂಪಿನ ಬೆನ್ನಿಗೆ ಬಿಳಿ ಟೇಪು ಅಂಟಿಸಿ "ಪಿಎಸ್ಐ ನೋಡು, ಮುಂದ 25, ಹಿಂದ 32" ಅಂತ ಬರೆದಿಟ್ಟಿದ್ದೇನೆ.

ಬಿಸಿಲಲ್ಲಿ ಗಂಗಾವತಿಗೆ ಹೋಗಿ ಬಂದು ನೋಡಿದರೆ ಅದೇ 32 ಇದ್ದದ್ದು 35 ತೋರಿಸುತ್ತದೆ. ಪಂಪು ಕೆಟ್ಟಿಲ್ಲ, ಒಳಗಿನ ಹವಾ ಕಾದಿದೆ ಅಷ್ಟೇ. ಹವಾ ಹೊರಬಿಡಲು ಹೋಗಬೇಡಿ, ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ನೋಡಿ.

ಬೈಕು, ಕಾರಿನವರು ಧೈರ್ಯವಾಗಿ ತಗೊಳ್ಳಿ. ಟ್ರ್ಯಾಕ್ಟರ್ ಇರುವವರು ಬೇಡ. ಪಕ್ಕದ ಮನೆಯ ಕಾಕಾ "150ರ ತನ ಹೊಡಿತೈತಿ ಅಂತಿ, ನಂದಕ್ಕ ಒಂದು ಕೆಜಿ ಸಾಕು" ಅಂತ ಇಸಿದುಕೊಂಡು ಹೋದರು. ಒತ್ತಡ ಒಂದೇ ಕೆಜಿ ಇರಬಹುದು, ಆದರೆ ಆ ದೊಡ್ಡ ಗಾಲಿಯ ಹೊಟ್ಟೆ ತುಂಬಬೇಕಲ್ಲ! ಹತ್ತು ನಿಮಿಷಕ್ಕೆ ಪಂಪು ಕಾದು ನಿಂತಿತು. ಗಾಲಿ ಇನ್ನೂ ಮೆತ್ತಗೇ ಇತ್ತು.