ಘಟ್ಟ ಇಳಿಯುವ ಗಾಡಿಗೆ ವೈರ್‌ಲೆಸ್ ಸೆಟ್: ನಾಲ್ಕು ಮಳೆಗಾಲದ ನಂತರ

ಸೆಟ್ ಕೂರಿಸಿದ್ದು 2021ರ ಅಕ್ಟೋಬರಿನಲ್ಲಿ. ಆ ವರ್ಷ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದಿದ್ದು ನಿಮಗೂ ನೆನಪಿರಬಹುದು. ನಮ್ಮದು ಶಿರಸಿ ಕಡೆ ಊರು, ನಮಗೇನೂ ಆಗಲಿಲ್ಲ. ಆದರೆ ಕರೆಂಟ್ ಹೋಯಿತು, ಟವರಿನ ಬ್ಯಾಟರಿ ಮುಗಿಯಿತು, ಫೋನೂ ಹೋಯಿತು. ಅಂಕೋಲಾ ಕಡೆ ಇರುವ ನಮ್ಮ ಭಾವನ ಮನೆಯಲ್ಲಿ ಎಲ್ಲ ಹೇಗಿದ್ದಾರೆ ಅಂತ ತಿಳಿಯುವುದಕ್ಕೆ ಮೂರು ದಿನ ಬೇಕಾಯಿತು. ಭಾವನಿಗೂ ನನಗೂ ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಕ್ಕೆ ವೈರ್‌ಲೆಸ್ಸಿನಲ್ಲಿ ಮಾತಾಡುವುದಕ್ಕೆ ಸರ್ಕಾರ ಕೊಡುವ ಪರವಾನಗಿ, ಇತ್ತು. ಅವನ ಮನೆಯಲ್ಲಿ ಸೆಟ್ ಕೂಡ ಇತ್ತು. ನನ್ನ ಗಾಡಿಯಲ್ಲಿ ಇರಲಿಲ್ಲ, ಅಷ್ಟೇ. ಮಳೆ ನಿಂತ ಮೇಲೆ ಮೊದಲು ಮಾಡಿದ ಕೆಲಸ ಇದು.

ಗಾಡಿ ಫೋರ್ ಬೈ ಫೋರ್ ಬೊಲೆರೊ ಕ್ಯಾಂಪರ್. ತೋಟಕ್ಕೆ, ಸೊಪ್ಪಿನ ಬೆಟ್ಟಕ್ಕೆ, ತಿಂಗಳಿಗೆ ಎರಡು ಸಲ ಘಟ್ಟದ ಕೆಳಗೆ, ಎಲ್ಲದಕ್ಕೂ ಅದೇ. ಸೆಟ್ 25 ವಾಟಿನ ವಿಎಚ್‌ಎಫ್ (ಅತಿ ಹೆಚ್ಚಿನ ಕಂಪನಾಂಕದ ರೇಡಿಯೊ) ಮೊಬೈಲ್, ಅಂದರೆ ಗಾಡಿಗೆ ಕೂರಿಸುವ ಥರದ್ದು, 144ರಿಂದ 146 ಮೆಗಾಹರ್ಟ್ಸ್ ಹ್ಯಾಮ್ ಬ್ಯಾಂಡಿನಲ್ಲಿ ಬಳಸುವಂಥದ್ದು. ಯಾವ ಕಂಪನಿ ಅಂತ ಬಹಳ ಜನ ಕೇಳುತ್ತಾರೆ. ಅದು ದೊಡ್ಡ ವಿಷಯ ಅಲ್ಲ. ಹೆಸರಿರುವ ಯಾವ ಸೆಟ್ ತಂದರೂ ಇಷ್ಟು ಕೆಲಸ ಮಾಡುತ್ತದೆ. ಅದಕ್ಕೆ ಎಳೆಯುವ ತಂತಿ, ಮೇಲಿನ ಆಂಟೆನಾ, ಆಂಟೆನಾದ ಬುಡ, ಈ ಮೂರು ಸರಿ ಇಲ್ಲದಿದ್ದರೆ ಎಷ್ಟು ದುಡ್ಡಿನ ಸೆಟ್ ತಂದರೂ ನಮ್ಮ ಘಟ್ಟದಲ್ಲಿ, ನಮ್ಮ ಉಪ್ಪುಗಾಳಿಯಲ್ಲಿ ಪ್ರಯೋಜನ ಇಲ್ಲ. ನಾಲ್ಕು ಮಳೆಗಾಲ ನನಗೆ ಕಲಿಸಿದ್ದು ಇದನ್ನೇ.

ಮೊದಲು ಒಂದು ಗ್ಯಾರೇಜಿನಲ್ಲಿ ಕೊಟ್ಟು ಕೂರಿಸಿದೆ. ಟೇಪ್ ರೆಕಾರ್ಡರ್, ಹಾರ್ನ್, ಫಾಗ್ ಲ್ಯಾಂಪ್ ಎಲ್ಲ ಚೆನ್ನಾಗಿಯೇ ಮಾಡುವವರು. ಆದರೆ ಸೆಟ್ಟಿಗೆ ಕರೆಂಟನ್ನು ಸಿಗರೇಟ್ ಲೈಟರಿನ ಸಾಕೆಟ್ಟಿನ ಹಿಂದಿನಿಂದ ತೆಗೆದರು. ಕೇಳಿಸಿಕೊಳ್ಳುವಾಗ ಎಲ್ಲ ಸರಿ. ಮೈಕಿನ ಗುಂಡಿ ಒತ್ತಿ ಮಾತಾಡಿದರೆ ಆ ಕಡೆ ಭಾವನಿಗೆ ನನ್ನ ಸ್ವರ ಒಡೆದು ಕೇಳುತ್ತಿತ್ತು. ಮೀಟರ್ ಹಿಡಿದು ನೋಡಿದೆ. ಸುಮ್ನೆ ಇದ್ದಾಗ ಸೆಟ್ಟಿನ ಬುಡದಲ್ಲಿ 12.6 ವೋಲ್ಟ್, ಮಾತಾಡುವಾಗ 11.3. ತಂತಿ ಮುಟ್ಟಿದರೆ ಬಿಸಿ. ಗಾಡಿಯೊಳಗೆ ತಂತಿ ಬಿಸಿಯಾಗುವುದು ಅಂದರೆ ಬೆಂಕಿಗೆ ದಾರಿ ಮಾಡಿಕೊಟ್ಟ ಹಾಗೆ. ಅವತ್ತೇ ಕಿತ್ತು ಹಾಕಿದೆ.

ಎರಡನೇ ಸಲ ನಾನೇ ಕೂತು ಮಾಡಿದೆ. ಬ್ಯಾಟರಿಯಿಂದ ನೇರ 4 ಚದರ ಎಂಎಂ ತಾಮ್ರದ ತಂತಿ. ಈ ಸೆಟ್ ಮಾತಾಡುವಾಗ 6 ಆಂಪಿನ ಹತ್ತಿರ ಎಳೆಯುತ್ತದೆ. ಬ್ಯಾಟರಿಯಿಂದ ಸೀಟಿನ ಹಿಂದಿನವರೆಗೆ 4 ಮೀಟರ್, ಹೋಗಿ ಬರುವುದು 8 ಮೀಟರ್. ಒಂದೂವರೆ ಎಂಎಂ ತಂತಿ ಹಾಕಿದರೆ ತಂತಿಯಲ್ಲೇ ಅರ್ಧ ವೋಲ್ಟಿಗಿಂತ ಜಾಸ್ತಿ ಕಳೆದುಹೋಗುತ್ತದೆ. 4 ಎಂಎಂನಲ್ಲಿ ಕಾಲು ವೋಲ್ಟೂ ಇಲ್ಲ. ಪ್ಲಸ್ ತಂತಿಗೆ 10 ಆಂಪಿನ ಫ್ಯೂಸ್ ಹಾಕಿದ್ದೇನೆ. ಅದು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಸೆಟ್ಟಿನ ಹತ್ತಿರ ಫ್ಯೂಸ್ ಹಾಕಿದರೆ ಸೆಟ್ ಉಳಿಯಬಹುದು, ನಡುವೆ ತಂತಿ ಉಜ್ಜಿ ಬಾಡಿಗೆ ತಾಗಿದರೆ ಗಾಡಿ ಉಳಿಯುವುದಿಲ್ಲ. ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿಗೆ ರಬ್ಬರ್ ಗ್ರೊಮೆಟ್ ಹಾಕಲೇಬೇಕು. ನಮ್ಮ ರಸ್ತೆಯ ಕುಲುಕಾಟಕ್ಕೆ ತಗಡಿನ ಅಂಚು ತಂತಿಯ ಸಿಪ್ಪೆಯನ್ನು ಒಂದೇ ಮಳೆಗಾಲದಲ್ಲಿ ಕೊಯ್ದು ಹಾಕುತ್ತದೆ. ತಂತಿ, ಫ್ಯೂಸ್, ಆಂಟೆನಾದ ಬುಡ, ಕೇಬಲ್ ಎಲ್ಲ ಸೇರಿ ಐದು ಸಾವಿರದ ಹತ್ತಿರ ಆಯಿತು. ಈ ನಾಲ್ಕು ವರ್ಷದಲ್ಲಿ ತಂತಿಯ ಕಡೆಯಿಂದ ಒಂದೇ ಒಂದು ತೊಂದರೆ ಬಂದಿಲ್ಲ.

ಆಂಟೆನಾದ ಕತೆ ಉದ್ದ.

ಶುರುವಿಗೆ ಮ್ಯಾಗ್ನೆಟ್ ಬುಡ ಇಟ್ಟಿದ್ದೆ. ತೂತು ಹೊಡೆಯುವುದು ಬೇಡ, ಬೇಕಾದಾಗ ತೆಗೆಯಬಹುದು ಅಂತ. ಎರಡು ತಿಂಗಳಾದ ಮೇಲೆ ತೆಗೆದು ನೋಡಿದರೆ ಮ್ಯಾಗ್ನೆಟ್ಟಿನ ಅಡಿ ಧೂಳು ಕೂತು ಪೇಂಟ್ ಉಜ್ಜಿಹೋಗಿತ್ತು. ಕಾರವಾರದ ಕಡಲ ದಂಡೆಯಲ್ಲಿ ಎರಡು ದಿನ ನಿಲ್ಲಿಸಿ ಬಂದ ಮೇಲೆ ಆ ಉಂಗುರದಲ್ಲಿ ತುಕ್ಕು ಶುರುವಾಯಿತು. ಅಲ್ಲಿಗೆ ಮ್ಯಾಗ್ನೆಟ್ ಸಾಕು ಅನ್ನಿಸಿತು. ಮಾಡಿನ ಮಧ್ಯಕ್ಕೇ 19 ಎಂಎಂ ತೂತು ಹೊಡೆದೆ. ಅಪ್ಪಯ್ಯ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಮಳೆಗಾಲದಲ್ಲಿ ಸೋರ್ತಿಲ್ಯನಾ ತಮಾ?" ಅಂದರು. ಇವತ್ತಿಗೂ ಒಂದು ಹನಿ ಸೋರಿಲ್ಲ. ತೂತು ಹೊಡೆದ ಕೂಡಲೇ ಅಂಚಿನ ಚೂರನ್ನೆಲ್ಲ ಉಜ್ಜಿ ತೆಗೆದು, ರೆಡ್ ಆಕ್ಸೈಡ್ ಹಚ್ಚಿ, ಒಣಗಿದ ಮೇಲೆ ಬುಡ ಕೂರಿಸಿದೆ. ರಬ್ಬರ್ ವಾಷರ್ ಸಮ ಕೂತರೆ ಸೋರುವ ಪ್ರಶ್ನೆಯೇ ಇಲ್ಲ. ಮಾಡಿನ ಮಧ್ಯೆ ಯಾಕೆ ಅಂದರೆ, ಆಂಟೆನಾಗೆ ಸುತ್ತಲೂ ಸಮನಾಗಿ ಲೋಹದ ಹಾಸು ಬೇಕು. ಬಂಪರಿಗೆ ಕಟ್ಟಿದರೆ ಗಾಡಿಯ ಮೈಯೇ ಅಡ್ಡ ಬಂದು ಒಂದು ದಿಕ್ಕಿಗೆ ಮಾತ್ರ ಚೆನ್ನಾಗಿ ಹೋಗುತ್ತದೆ.

ಆಂಟೆನಾದ ಕಡ್ಡಿಯೂ ಒಂದು ಸಲ ಬದಲಾಯಿತು. ಮೊದಲಿನದು ಒಂದೂಕಾಲು ಮೀಟರಿನ ಉದ್ದದ್ದು. ಬಯಲಿನಲ್ಲಿ ದೂರ ಹೋಗುತ್ತದೆ, ನಿಜ. ನಮ್ಮ ಸೊಪ್ಪಿನ ಬೆಟ್ಟದ ದಾರಿಯಲ್ಲಿ ಮತ್ತಿ, ನೇರಳೆ ಕೊಂಬೆಗಳು ಗಾಡಿಯ ಮಾಡಿಗೆ ಸವರುವ ಹಾಗೆ ಇರುತ್ತವೆ. ಎರಡನೇ ವಾರವೇ ಬುಡದ ಸ್ಪ್ರಿಂಗ್ ಬಾಗಿತು. ಈಗಿರುವುದು ಕಾಲು ಅಲೆಯ, ಅಂದರೆ ರೇಡಿಯೊ ಅಲೆಯ ಉದ್ದದ ಸುಮಾರು ಕಾಲು ಭಾಗದಷ್ಟಿರುವ, ಉಕ್ಕಿನ ಕಡ್ಡಿ, 49 ಸೆಂಟಿಮೀಟರ್. ಕೊಂಬೆ ತಾಗಿದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಕಣಿವೆಯೊಳಗೆ ಉದ್ದದ್ದಕ್ಕಿಂತ ಇದೇ ಚೆನ್ನಾಗಿ ಕೆಲಸ ಮಾಡಿದೆ. ಉದ್ದ ಕಡ್ಡಿ ಶಕ್ತಿಯನ್ನೆಲ್ಲ ಅಡ್ಡಡ್ಡ ದೂಡುತ್ತದೆ, ಗಿಡ್ಡದ್ದು ಸ್ವಲ್ಪ ಮೇಲಕ್ಕೂ ಬಿಡುತ್ತದೆ. ಎದುರಿಗೆ ಗುಡ್ಡ ಇರುವಾಗ ಅದೇ ಬೇಕಾಗಿದ್ದು.

ಇನ್ನು ಉಪ್ಪು. ಘಟ್ಟದ ಮೇಲಿನವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ. 2023ರ ಮಳೆಗಾಲದ ಕೊನೆಗೆ ಭಾವನ ಸ್ವರ ದಿನದಿಂದ ದಿನಕ್ಕೆ ಸಣ್ಣದಾಗುತ್ತ ಬಂತು. ಎಸ್‌ಡಬ್ಲ್ಯುಆರ್ ಮೀಟರ್ ಹಾಕಿದೆ. ಆಂಟೆನಾಗೆ ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಅಂತ ಅದು ತೋರಿಸುತ್ತದೆ, 1ರ ಹತ್ತಿರ ಇದ್ದಷ್ಟೂ ಒಳ್ಳೆಯದು. ಹೊಸತರಲ್ಲಿ 1.3 ಇದ್ದದ್ದು 3 ದಾಟಿತ್ತು. ಕಡ್ಡಿ ತಿರುಗಿಸಿ ತೆಗೆದರೆ ಬುಡದ ನಡುವಿನ ಹಿತ್ತಾಳೆ ಮೊಳೆಗೆ ಹಸಿರು ಕಿಲುಬು, ಪೂಜೆಯ ತಂಬಿಗೆ ತಿಂಗಳುಗಟ್ಟಲೆ ತೊಳೆಯದೆ ಇಟ್ಟರೆ ಆಗುವಂಥದ್ದೇ. ಅಮ್ಮ ಹುಣಸೆಹಣ್ಣು ಹಚ್ಚಿ ತಿಕ್ಕು ಅಂದಳು. ಕಿಲುಬಿಗೆ ಅದು ಸರಿ, ಆದರೆ ಹುಳಿ ನೀರು ಕೇಬಲ್ಲಿನೊಳಗೆ ಇಳಿದರೆ ಇನ್ನೊಂದು ರಾಮಾಯಣ. ಹಾಗಾಗಿ ನಯವಾದ ಎಮರಿ ಪೇಪರಿನಲ್ಲಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ಎಸ್‌ಡಬ್ಲ್ಯುಆರ್ 2ಕ್ಕೆ ಇಳಿಯಿತು, ಅದರ ಕೆಳಗೆ ಬರಲಿಲ್ಲ. ಕೊನೆಗೆ ಕೇಬಲ್ಲಿನ ತುದಿ ಕತ್ತರಿಸಿ ನೋಡಿದೆ. ಕಪ್ಪು ಸಿಪ್ಪೆಯ ಒಳಗೆ ಹೊಳೆಯಬೇಕಾಗಿದ್ದ ತಾಮ್ರದ ಜಾಲರಿ ಮಸಿಯ ಹಾಗೆ ಕಪ್ಪಾಗಿತ್ತು. ಒಂದು ಗೇಣು ಕತ್ತರಿಸಿದೆ, ಇನ್ನೂ ಕಪ್ಪು. ಮತ್ತೊಂದು ಗೇಣು, ಆಗಲೂ ಕಪ್ಪು. ನೀರು ಜಾಲರಿಯನ್ನೇ ಹಿಡಿದು ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಒಳಗೆ ಹೋಗಿತ್ತು. ಪೂರ್ತಿ ಕೇಬಲ್ ಬದಲಾಯಿಸಿದೆ.

ಅಲ್ಲಿಂದ ಈಚೆಗೆ ಪ್ರತಿ ಕನೆಕ್ಟರಿಗೂ ತನ್ನಷ್ಟಕ್ಕೇ ಅಂಟಿ ಒಂದಾಗುವ ರಬ್ಬರ್ ಟೇಪನ್ನು ಎಳೆದು ಸುತ್ತುತ್ತೇನೆ, ಅದರ ಮೇಲೆ ಮಾಮೂಲಿ ಕರೆಂಟ್ ಟೇಪ್. ಕೇಬಲ್ ಕೆಳಗಿಳಿಯುವ ಕಡೆ ಒಂದು ಸಣ್ಣ ಕುಣಿಕೆ ಬಿಡುತ್ತೇನೆ, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ ಅಂತ. ಕರಾವಳಿಗೆ ಹೋಗಿ ಬಂದ ದಿನ ಬಾವಿ ನೀರಲ್ಲಿ ಆಂಟೆನಾದ ಬುಡ ತೊಳೆಯುತ್ತೇನೆ. ಎರಡು ವರ್ಷದಿಂದ 1.4ರ ಮೇಲೆ ಹೋಗಿಲ್ಲ.

ಗಲಾಟೆ ಶಬ್ದದ ಬಗ್ಗೆ ಒಂದು ಮಾತು. ಡೀಸೆಲ್ ಎಂಜಿನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಹಾಗಾಗಿ ಪೆಟ್ರೋಲ್ ಗಾಡಿಯ ಟಕಟಕ ಇದರಲ್ಲಿ ಬರುವುದಿಲ್ಲ. ಆದರೂ ನನ್ನ ಸೆಟ್ಟಿನಲ್ಲಿ ಮೂರು ವಾರ ಒಂದು ಕೆಟ್ಟ ಗೊರಗೊರ ಇತ್ತು. ಆಲ್ಟರ್ನೇಟರ್ ಅಂದುಕೊಂಡು ಅದರ ಹಿಂದೆಯೇ ಬಿದ್ದಿದ್ದೆ. ಕಡೆಗೆ ನೋಡಿದರೆ ಫೋನ್ ಚಾರ್ಜ್ ಮಾಡುವ ಅಗ್ಗದ ಯುಎಸ್‌ಬಿ ಚಾರ್ಜರ್. ಅದನ್ನು ಕಿತ್ತ ಕೂಡಲೇ ಸೆಟ್ ಶುದ್ಧವಾಯಿತು. ನಿಮಗೂ ಶಬ್ದ ಬಂದರೆ ಮೊದಲು ಚಾರ್ಜರ್ ಕೀಳಿ, ಆಮೇಲೆ ಎಲ್ಇಡಿ ಲೈಟ್ ಆರಿಸಿ ನೋಡಿ.

ಎಷ್ಟು ದೂರ ಹೋಗುತ್ತದೆ? ಇದಕ್ಕೆ ಒಂದೇ ಅಂಕಿ ಹೇಳಿದರೆ ಅದು ಸುಳ್ಳಾಗುತ್ತದೆ. ವಿಎಚ್‌ಎಫ್ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರ ಹೋಗುತ್ತದೆ, ಅದಕ್ಕಿಂತ ತುಸು ಮುಂದೆ. 500 ಮೀಟರ್ ಎತ್ತರದಲ್ಲಿ ಎದುರಿಗೆ ಏನೂ ಅಡ್ಡ ಇಲ್ಲದಿದ್ದರೆ ಲೆಕ್ಕದ ಪ್ರಕಾರ 90 ಕಿಲೋಮೀಟರ್. ಹಾಗಾಗಿ ಘಟ್ಟದ ತಲೆಯಲ್ಲಿ, ಪಶ್ಚಿಮಕ್ಕೆ ತೆರೆದ ಜಾಗದಲ್ಲಿ ನಿಂತರೆ 10 ವಾಟಿನಲ್ಲೇ ಭಾವ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಕೇಳುತ್ತಾನೆ. ಅಲ್ಲಿಂದ ಎರಡು ತಿರುವು ಇಳಿದರೆ ಬರೀ ಸುಂಯ್ ಶಬ್ದ. ಕಣಿವೆಯೊಳಗೆ ಗಾಡಿಯಿಂದ ಗಾಡಿಗೆ ಎರಡು ಮೂರು ಕಿಲೋಮೀಟರ್ ಸಿಕ್ಕರೆ ನಾನು ಖುಷಿ ಪಡುತ್ತೇನೆ. ಮಳೆಗಾಲದಲ್ಲಿ ಎಲೆಯೆಲ್ಲ ಒದ್ದೆ ಇರುವಾಗ ಅದಕ್ಕಿಂತಲೂ ಕಡಿಮೆ. ರಿಪೀಟರ್ (ಎತ್ತರದಲ್ಲಿ ಕೂತು ನಮ್ಮ ಮಾತನ್ನು ಹಿಡಿದು ಮತ್ತೆ ಬಿತ್ತರಿಸುವ ಸ್ಟೇಷನ್) ಸಿಗುವವರ ಲೆಕ್ಕ ಬೇರೆ, ನಾನು ಹೇಳುತ್ತಿರುವುದು ನೇರ ಮಾತುಕತೆ ಮಾತ್ರ. ವಾಟ್ ಏರಿಸುವುದರಿಂದ ಗುಡ್ಡ ಸರಿಯುವುದಿಲ್ಲ. ನಿಂತ ಜಾಗದಿಂದ ಹತ್ತು ಮಾರು ಮುಂದೆ ಹೋಗಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಸಿಗುತ್ತದೆ.

ಇಷ್ಟೆಲ್ಲ ಮಾಡಿದ್ದು ಸಾರ್ಥಕ ಅನ್ನಿಸಿದ ದಿನ 2024ರ ಜುಲೈ 16. ಅವತ್ತು ನಾನು ಕುಮಟಾಕ್ಕೆ ಇಳಿದು ಅಲ್ಲಿಂದ ಹೆದ್ದಾರಿ ಹಿಡಿದು ಅಂಕೋಲಾಕ್ಕೆ ಹೋಗುವವನಿದ್ದೆ. ಬೆಳಿಗ್ಗೆಯಿಂದ ಒಂದೇ ಸಮ ಮಳೆ. ದೇವಿಮನೆ ಘಟ್ಟದ ತಲೆಯಲ್ಲಿ ಯಾವಾಗಿನ ಹಾಗೆ ಗಾಡಿ ನಿಲ್ಲಿಸಿ ಭಾವನನ್ನು ಕರೆದೆ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಮೂರನೇ ಸಲಕ್ಕೆ ಸಿಕ್ಕಿದ. "ಭಾವ, ಕೆಳಗೆ ಇಳಿಯಡ. ಶಿರೂರಲ್ಲಿ ಗುಡ್ಡ ಬಿದ್ದು, ಹೆದ್ದಾರಿ ಬಂದ್" ಅಂದ. ಅಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ, ಚಾ ಅಂಗಡಿ ಇದ್ದ ಜಾಗದಲ್ಲಿ ಮಣ್ಣು ಬಿಟ್ಟರೆ ಏನೂ ಕಾಣುತ್ತಿಲ್ಲವಂತೆ ಅಂದ. ನಾನು ಆ ದಾರಿಯಲ್ಲಿ ನೂರಾರು ಸಲ ಹೋಗಿದ್ದೇನೆ. ಮೈಕ್ ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಗಾಡಿ ತಿರುಗಿಸಿ ಮನೆಗೆ ಬಂದೆ. ದಾರಿಯಲ್ಲಿ ಎದುರು ಸಿಕ್ಕ ಗಾಡಿಗಳಿಗೆಲ್ಲ ನಿಲ್ಲಿಸಿ ಹೇಳಿದೆ.

ಕಾನೂನಿನ ವಿಷಯ ಹೇಳದೆ ಇದ್ದರೆ ತಪ್ಪಾಗುತ್ತದೆ. ಲೈಸೆನ್ಸ್ ಇಲ್ಲದೆ ಇಂಥ ಸೆಟ್ ಗಾಡಿಗೆ ಹಾಕಬೇಡಿ. ಹ್ಯಾಮ್ ಪರೀಕ್ಷೆ ಕಷ್ಟ ಏನಲ್ಲ, ಸುಲಭದ ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ (ಹಳೇ ತಂತಿಯ ಕಟ್ಟಕಡ ಸಂಕೇತ) ಕೂಡ ಬೇಡ. ಗಾಡಿಯಲ್ಲಿ ಬಳಸುವುದಕ್ಕೂ ನಾನು ಕೇಳಿ ಒಪ್ಪಿಗೆ ಪಡೆದೆ, ಅದರ ಪ್ರತಿ ಡ್ಯಾಶ್‌ಬೋರ್ಡಿನಲ್ಲೇ ಇದೆ. ಕಾರವಾರ ನೌಕಾನೆಲೆ ಇರುವ ಊರು, ಕೈಗಾ ಅಣುಸ್ಥಾವರ ಅಲ್ಲೇ ಹತ್ತಿರ. ಮಾಡಿನ ಮೇಲೆ ಆಂಟೆನಾ ಕಂಡರೆ ಪೊಲೀಸರು ಕೇಳುವುದು ಸಹಜ, ಕೇಳಲೂಬೇಕು. ಮೂರು ಸಲ ತಡೆದಿದ್ದಾರೆ, ಕಾಗದ ತೋರಿಸಿದ್ದೇನೆ, ಮರ್ಯಾದೆಯಿಂದ ಬಿಟ್ಟಿದ್ದಾರೆ. ಹ್ಯಾಮ್ ಬ್ಯಾಂಡಿನಲ್ಲಿ ವ್ಯಾಪಾರದ ಮಾತು ಆಡುವ ಹಾಗಿಲ್ಲ. ಇವತ್ತಿನ ಅಡಿಕೆ ಧಾರಣೆ ಎಷ್ಟಾಯಿತು, ಲೋಡ್ ಎಲ್ಲಿಗೆ ಬಂತು ಅಂತ ಕೇಳುವುದಕ್ಕೆ ಫೋನೇ ಸರಿ. ಹಾಗೆಯೇ ಮೀನುಗಾರರ ಬೋಟಿನವರು ಬಳಸುವ 156.8 ಮೆಗಾಹರ್ಟ್ಸ್, ಚಾನೆಲ್ 16, ಜೀವ ಉಳಿಸುವ ಕರೆಯ ಜಾಗ. ಸೆಟ್ಟಿನಲ್ಲಿ ಕೇಳಬಹುದಲ್ವಾ ಅಂತ ಅಲ್ಲಿ ಹೋಗಿ ಗುಂಡಿ ಒತ್ತಬೇಡಿ.

ನಾಲ್ಕೈದು ಜೀಪು ಒಟ್ಟಿಗೆ ಕಾಡಿನ ದಾರಿಯಲ್ಲಿ ಹೋಗುವಾಗ ಮುಂದಿನವ ಹಿಂದಿನವನಿಗೆ "ಎದುರು ಲಾರಿ ಬಂತು" ಅನ್ನುವುದಷ್ಟೇ ಬೇಕಿದ್ದರೆ ಇಷ್ಟೆಲ್ಲ ಬೇಡ. 446 ಮೆಗಾಹರ್ಟ್ಸಿನ ಅರ್ಧ ವಾಟಿನ ಕೈ ಸೆಟ್ಟುಗಳಿಗೆ 2018ರಿಂದ ಲೈಸೆನ್ಸ್ ಬೇಕಿಲ್ಲ. ಗೆಳೆಯರ ಗಾಡಿಗಳಿಗೆ ನಾನೇ ಅದನ್ನು ಕೊಡಿಸಿದ್ದೇನೆ. ಒಂದು ಕಿಲೋಮೀಟರಿನೊಳಗೆ ಚೆನ್ನಾಗಿಯೇ ನಡೆಯುತ್ತದೆ. ಆದರೆ ಗಾಡಿಯೊಳಗೆ ತಗಡಿನ ಮಧ್ಯೆ ಕೂತು ಮಾತಾಡಿದರೆ ಅದರ ಅರ್ಧವೂ ಹೊರಗೆ ಹೋಗುವುದಿಲ್ಲ, ಕಿಟಕಿಯ ಹತ್ತಿರ ಹಿಡಿಯಬೇಕು.

ಸೆಟ್ಟಿನಲ್ಲೇ ಬಂದ ದೂರು ಎರಡು. ಮೈಕಿನ ಸುರುಳಿ ತಂತಿ ಮೂರನೇ ವರ್ಷಕ್ಕೆ ಬಿರುಕು ಬಿಟ್ಟು ಬದಲಾಯಿಸಬೇಕಾಯಿತು. ಇನ್ನೊಂದು, ಬಿಸಿಲಿನಲ್ಲಿ ಗಾಡಿ ನಿಲ್ಲಿಸಿದರೆ ಡಿಸ್‌ಪ್ಲೇ ಕಪ್ಪಾಗಿ ಅರ್ಧ ಗಂಟೆ ಓದುವುದಕ್ಕೆ ಆಗುವುದಿಲ್ಲ. ಮುಖ ಬಿಚ್ಚಿ ಬೇರೆ ಕಡೆ ಹಾಕುವಂಥ ಸೆಟ್ ತಂದಿದ್ದು ಒಳ್ಳೆಯದಾಯಿತು. ಪೆಟ್ಟಿಗೆ ಸೀಟಿನ ಹಿಂದೆ ಎತ್ತರದಲ್ಲಿದೆ, ಮುಖ ಮಾತ್ರ ಮುಂದೆ. ಸೀಟಿನ ಅಡಿ ಇಡಬೇಡಿ. ಮಳೆಗಾಲದಲ್ಲಿ ಗಂಬೂಟಿನಿಂದ ಇಳಿಯುವ ನೀರು, ಕೆಸರು ಎಲ್ಲ ಅಲ್ಲೇ ಹೋಗಿ ನಿಲ್ಲುತ್ತದೆ.

ಮಾತಾಡುವಾಗ ಗಾಡಿ ನಿಲ್ಲಿಸುತ್ತೇನೆ. ಘಟ್ಟದ ತಿರುವಿನಲ್ಲಿ ಒಂದು ಕೈಯಲ್ಲಿ ಮೈಕ್ ಹಿಡಿಯುವ ಧೈರ್ಯ ನನಗಿಲ್ಲ, ಯಾರಿಗೂ ಬೇಡ.

ಮೊನ್ನೆ ಆಂಟೆನಾದ ಬುಡ ಬಿಚ್ಚಿ ನೋಡಿದೆ. ರಬ್ಬರ್ ವಾಷರ್ ಸ್ವಲ್ಪ ಗಟ್ಟಿಯಾಗಿದೆ, ಇನ್ನೂ ಸೋರಿಲ್ಲ. ಅಡಿಕೆ ಗೊನೆ ಕೊಯ್ಲು ಶುರುವಾಗುವ ಮೊದಲು ಅದೊಂದನ್ನು ಬದಲಾಯಿಸಬೇಕು. ಭಾವ ಈ ಸಲ ತನ್ನ ಗಾಡಿಗೂ ಹಾಕಿಸುತ್ತಾನಂತೆ. 4 ಎಂಎಂ ತಂತಿ ಹತ್ತು ಮೀಟರ್ ತಂದಿಟ್ಟಿದ್ದೇನೆ, ತೂತು ಹೊಡೆಯುವ ಬಿಟ್ ನನ್ನ ಹತ್ತಿರವೇ ಇದೆ.